ಮಾತು ಮತ್ತು ಸಾನ್ನಿಧ್ಯ

॥ ಶ್ರೀ ಗುರುರಾಜೋ ವಿಜಯತೇ ॥

(ಪಕ್ಷಮಾಸದ ಪ್ರಾರಂಭದಲ್ಲಿ ಮಾಡಿದ ಪ್ರವಚನದ ಸಂಗ್ರಹ)



ನಂಜನಗೂಡಿನಲ್ಲಿ ಶ್ರೀಕಂಠೇಶ್ವರಸ್ವಾಮಿಯ ದೇವಾಲಯದ ಮಗ್ಗುಲಲ್ಲಿ ಹರಿದು, ಶ್ರೀ ಗುರುಸಾರ್ವಭೌಮರ ಸನ್ನಿಧಿಗೆ ಬಂದವರಿಗೆಲ್ಲ ಸ್ನಾನಕ್ಕೊದಗುವ ಕಪಿಲೆಯು ಮುಂದೆ ತಿರುಮಕೂಡಲಿಗೆ ಹೋಗಿ ಕಾವೇರಿಯನ್ನು ಸೇರುತ್ತಾಳೆ. ಕಣ್ಣಿಗೆ ಕಾಣದ ಸ್ಫಟಿಕಸರೋವರವೂ ಅಲ್ಲಿಯೇ ಕೂಡುವುದೆಂಬ ನಂಬಿಕೆಯಿಂದ ಆ ಸ್ಥಳವು ತ್ರಿವೇಣೀ ಸಂಗಮವೆನಿಸಿದೆ. ಕೂಡಲು ಎಂದರೆ ಕೂಡುವ ಸ್ಥಳ. ನದಿಗಳು ಕೂಡುವ ಸ್ಥಳವನ್ನು ನಮ್ಮ ಹಿರಿಯರು ತೀರ್ಥವೆಂದರು. ಸಜ್ಜನರು ಕೂಡಿ ಭಗವಂತನ ಮಾತನಾಡುವುದನ್ನು ಸತ್ಸಂಗವೆಂದರು. ಎರಡರಲ್ಲಿಯೂ ಕೂಡುವುದೇ ಮುಖ್ಯ. ಕೂಡದೆ ತೀರ್ಥವಿಲ್ಲ, ಕೂಡದೆ ಸತ್ಸಂಗವೂ ಇಲ್ಲ.

ಈ ದಿನ ನಾವು ವಿಚಾರಕ್ಕೆ ತೆಗೆದುಕೊಂಡಿರುವುದು, ನಮ್ಮ ನಮ್ಮ ಮನೆಗಳಲ್ಲಿ ಈ ಕೂಡುವಿಕೆಗೆ ಬಂದೊದಗಿರುವ ಒಂದು ವಿಘ್ನವನ್ನು ಕುರಿತು. ಎಲ್ಲರ ಕೈಯಲ್ಲಿಯೂ ಇರುವ ಸ್ಮಾರ್ಟ್‌ಫೋನು ಮತ್ತು ಅದರೊಳಗಿನ ವಾಟ್ಸಾಪು, ಫೇಸ್‌ಬುಕ್ಕು ಮೊದಲಾದವುಗಳಿಂದ, ಎದುರೆದುರು ಕುಳಿತು ಆಡುವ ಮಾತಿಗೆ ಏನಾಗಿದೆ ಎಂಬುದೇ ಆ ವಿಷಯ. ಪ್ರವಚನದ ಮಣೆಯ ಮೇಲೆ ಕುಳಿತು ಮೊಬೈಲಿನ ಮಾತೇಕೆ ಎಂದು ಕೆಲವರು ಕೇಳಬಹುದು. ಯಾವುದು ದಿನದಲ್ಲಿ ನಾಲ್ಕೈದು ಗಂಟೆ ನಮ್ಮ ಕಣ್ಣನ್ನೂ ಕಿವಿಯನ್ನೂ ಮನಸ್ಸನ್ನೂ ಹಿಡಿದಿರುವುದೋ ಅದನ್ನು ಬಿಟ್ಟು ಇಂದ್ರಿಯನಿಗ್ರಹದ ಮಾತನ್ನು ಆಡುವುದಾದರೂ ಹೇಗೆ? ಆದುದರಿಂದ ಇದು ಶಾಸ್ತ್ರಕ್ಕೆ ಹೊರತಾದ ವಿಷಯವೆಂದು ಯಾರೂ ಭಾವಿಸಬಾರದು.

ವಾಚಿಕ ತಪಸ್ಸು

ಗೀತೆಯ ೧೭ನೆಯ ಅಧ್ಯಾಯದಲ್ಲಿ ಭಗವಂತನು ತಪಸ್ಸನ್ನು ಮೂರು ಬಗೆಯಾಗಿ ವಿಂಗಡಿಸಿ ಉಪದೇಶಿಸಿದ್ದಾನೆ: ಶರೀರದಿಂದ ಮಾಡುವುದು, ಮಾತಿನಿಂದ ಮಾಡುವುದು, ಮನಸ್ಸಿನಿಂದ ಮಾಡುವುದು. ಮಾತಿನ ತಪಸ್ಸು ಯಾವುದೆಂದರೆ, ಕೇಳಿದವರಿಗೆ ಉದ್ವೇಗವನ್ನುಂಟುಮಾಡದ, ಸತ್ಯವಾದ, ಪ್ರಿಯವಾದ, ಹಿತವಾದ ಮಾತು. ಅದರೊಡನೆ ಸ್ವಾಧ್ಯಾಯದ ಅಭ್ಯಾಸ. ಕಾಡಿಗೆ ಹೋಗಬೇಕಾಗಿಲ್ಲ, ಉಪವಾಸ ಮಾಡಬೇಕಾಗಿಲ್ಲ. ಮನೆಯ ಪಡಸಾಲೆಯಲ್ಲಿ ಕುಳಿತೇ ಮಾಡಬಹುದಾದ ತಪಸ್ಸು ಇದು. ಗೃಹಸ್ಥರ ಮೇಲಿನ ಕರುಣೆಯಿಂದ ಭಗವಂತನು ಇದನ್ನು ಹೇಳಿದನೆಂದರೂ ತಪ್ಪಾಗದು.

ಈಗ ನಮ್ಮ ಮೊಬೈಲಿಗೆ ಬರುವ, ನಾವು ಇತರರಿಗೆ ಕಳುಹಿಸುವ ಮಾತುಗಳನ್ನು ಈ ನಾಲ್ಕು ಅಳತೆಗಳಿಂದ ಅಳೆದು ನೋಡೋಣ. ಸತ್ಯವೇ? ಓದಿದೊಡನೆ ನಲವತ್ತು ಜನರಿಗೆ ಕಳುಹಿಸುವ ನಮಗೆ ಅದು ಸತ್ಯವೋ ಸುಳ್ಳೋ ಗೊತ್ತಿರುವುದಿಲ್ಲ. ಹಿತವೇ? ಆ ವಿಚಾರವೇ ಮನಸ್ಸಿಗೆ ಬರುವುದಿಲ್ಲ. ಪ್ರಿಯವೇ? ಒಂದು ಪಕ್ಷಕ್ಕೆ ಪ್ರಿಯವಾದದ್ದು ಇನ್ನೊಂದಕ್ಕೆ ಬೈಗುಳ. ಉದ್ವೇಗಕರವಲ್ಲದ್ದೇ? ಉದ್ವೇಗವನ್ನುಂಟುಮಾಡುವ ಮಾತೇ ಎಲ್ಲಕ್ಕಿಂತ ಬೇಗ ಊರೂರು ಸುತ್ತುತ್ತದೆ.

ಇದು ಬರಿಯ ಉಪನ್ಯಾಸದ ಮಾತಲ್ಲ. ೨೦೧೮ರ ಜುಲೈ ತಿಂಗಳಲ್ಲಿ ನಮ್ಮ ಬೀದರ್ ಜಿಲ್ಲೆಯಲ್ಲಿ ನಡೆದದ್ದನ್ನು ನೆನೆಯಬೇಕು. ಹೈದರಾಬಾದಿನ ಕಡೆಯಿಂದ ಕಾರಿನಲ್ಲಿ ಬಂದ ಕೆಲವರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ಆ ದಿನಗಳಲ್ಲಿ ವಾಟ್ಸಾಪಿನ ಮೂಲಕ ಎಲ್ಲೆಡೆ ಹಬ್ಬಿತ್ತು. ಇವರೇ ಆ ಕಳ್ಳರೆಂಬ ಸಂದೇಶವು ಅವರ ಕಾರಿಗಿಂತ ಮೊದಲು ಮುಂದಿನ ಊರಾದ ಮುರ್ಕಿಗೆ ಮುಟ್ಟಿತು. ಅಲ್ಲಿ ಜನ ಗುಂಪುಗೂಡಿ ಕಾರನ್ನು ತಡೆದು ಬಡಿದರು. ಒಬ್ಬ ಯುವಕನ ಪ್ರಾಣ ಹೋಯಿತು. ಅವನು ಯಾರ ಮಗುವನ್ನೂ ಕದ್ದಿರಲಿಲ್ಲ. ಎದುರಿಗೆ ನಿಂತ ಮನುಷ್ಯನ ಮುಖವನ್ನು ನೋಡಿ, ನೀನು ಯಾರಪ್ಪಾ, ಎಲ್ಲಿಂದ ಬಂದೆ ಎಂದು ಕೇಳುವ ಸಾಮಾನ್ಯ ಸೌಜನ್ಯ ಉಳಿದಿದ್ದರೆ ಆ ಜೀವ ಉಳಿಯುತ್ತಿತ್ತು. ಪರದೆಯ ಮೇಲಿನ ಮಾತನ್ನು ನಂಬಿ, ಮುಂದೆ ನಿಂತವನ ಮಾತನ್ನು ನಂಬದೆ ಹೋದುದರ ಫಲವಿದು. ಅದೇ ತಿಂಗಳು ವಾಟ್ಸಾಪಿನವರು ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚಿಗೆ ರವಾನಿಸಲಾಗದಂತೆ ಮಿತಿಗೊಳಿಸಿದರು. ಯಂತ್ರಕ್ಕೆ ಮಿತಿ ಹಾಕಿದ್ದಾಯಿತು. ನಾಲಿಗೆಗೂ ಬೆರಳಿಗೂ ಮಿತಿ ಹಾಕಿಕೊಳ್ಳಬೇಕಾದವರು ನಾವು.

ಶ್ರೀಮುಖ್ಯಪ್ರಾಣರ ದೌತ್ಯ

ಮಾತಿನ ಆದರ್ಶವನ್ನು ಹುಡುಕುವಾಗ ಮಧ್ವಮತಾನುಯಾಯಿಗಳಾದ ನಾವು ದೂರ ಹೋಗಬೇಕಾಗಿಲ್ಲ. ವಾಯುದೇವರ ಪ್ರಥಮಾವತಾರರಾದ ಶ್ರೀ ಹನುಮಂತದೇವರು ಕಿಷ್ಕಿಂಧಾಕಾಂಡದಲ್ಲಿ ಶ್ರೀರಾಮಚಂದ್ರನೆದುರು ಮೊದಲ ಬಾರಿಗೆ ಮಾತನಾಡಿದ ಸಂದರ್ಭವನ್ನು ಸ್ಮರಿಸಿರಿ. ಮಾತು ಮುಗಿದ ಮೇಲೆ ಸ್ವಾಮಿಯು ಲಕ್ಷ್ಮಣನಿಗೆ ಹೇಳಿದ್ದೇನು? ವೇದವ್ಯಾಕರಣಗಳ ಶುದ್ಧಿಯನ್ನು ಕೊಂಡಾಡಿದ್ದು ಎಲ್ಲರಿಗೂ ಗೊತ್ತು. ಅದರೊಡನೆ, ಮಾತನಾಡುವಾಗ ಇವನ ಮುಖದಲ್ಲಿ, ಕಣ್ಣುಗಳಲ್ಲಿ, ಹಣೆಯಲ್ಲಿ, ಹುಬ್ಬುಗಳಲ್ಲಿ, ಬೇರೆ ಯಾವ ಅವಯವದಲ್ಲಿಯೂ ಒಂದು ದೋಷವೂ ಕಾಣಲಿಲ್ಲ ಎಂದು ಸ್ವಾಮಿಯು ಮೆಚ್ಚಿಕೊಂಡನು. ಅಂದರೆ ಸರ್ವಜ್ಞನಾದ ಪರಮಾತ್ಮನೂ ಲೋಕಶಿಕ್ಷಣಕ್ಕಾಗಿ ಮಾತನ್ನು ಕಿವಿಯಿಂದ ಮಾತ್ರ ಕೇಳಲಿಲ್ಲ, ಮುಖವನ್ನು ನೋಡುತ್ತ ಕೇಳಿದನು. ಮಾತೆಂದರೆ ಅಕ್ಷರಗಳಷ್ಟೇ ಅಲ್ಲ. ಕಣ್ಣು, ಹುಬ್ಬು, ಧ್ವನಿಯ ಏರಿಳಿತ, ನಡುವಿನ ಮೌನ ಇವೆಲ್ಲ ಸೇರಿ ಮಾತಾಗುತ್ತದೆ. ಪರದೆಯ ಮೇಲೆ ಬರುವ ಮಾತಿಗೆ ಈ ಅಂಗಗಳಿಲ್ಲ. ಹಳದಿ ಬಣ್ಣದ ನಗುಮುಖವೊಂದನ್ನು ಕೊನೆಯಲ್ಲಿ ಅಂಟಿಸಿದರೆ ಅದು ಮನುಷ್ಯನ ಮುಖವಾಗುವುದೇ?

ಸುಂದರಕಾಂಡದಲ್ಲಿಯೂ ಹಾಗೆಯೇ. ಅಶೋಕವನದಲ್ಲಿ ಸೀತಾದೇವಿಯನ್ನು ಕಂಡೊಡನೆ ಹನುಮಂತದೇವರು ಉಂಗುರವನ್ನು ಮುಂದೆ ಚಾಚಲಿಲ್ಲ. ಶಿಂಶುಪಾವೃಕ್ಷದಲ್ಲಿ ಮರೆಯಾಗಿ ಕುಳಿತು, ತಾಯಿಯ ಸ್ಥಿತಿಯನ್ನು ನೋಡಿ, ಯಾವ ಭಾಷೆಯಲ್ಲಿ ಮಾತನಾಡಿದರೆ ಆಕೆ ಹೆದರದಿದ್ದಾಳೆಂದು ಯೋಚಿಸಿ, ಮೊದಲು ರಾಮಕಥೆಯನ್ನು ಮೆಲ್ಲಗೆ ಹೇಳಿ, ಆಕೆಯ ಸಂಶಯ ಪರಿಹಾರವಾದ ಮೇಲೆ ಮುದ್ರಿಕೆಯನ್ನು ಕೊಟ್ಟರು. ಸಂದೇಶವನ್ನು ಮುಟ್ಟಿಸುವುದಷ್ಟೇ ಕಾರ್ಯವಾಗಿದ್ದರೆ ಒಂದು ನಿಮಿಷ ಸಾಕಾಗಿತ್ತು. ಆದರೆ ಎದುರಿಗಿರುವವರ ಹೃದಯವನ್ನು ಅರಿತು ಮುಟ್ಟಿಸುವುದು ಕಾರ್ಯವಾಗಿತ್ತು.

ಭಾಗವತದ ದಶಮಸ್ಕಂಧದಲ್ಲಿ ರುಕ್ಮಿಣೀದೇವಿಯು ಬ್ರಾಹ್ಮಣನ ಮೂಲಕ ಸಂದೇಶವನ್ನು ಕಳುಹಿಸಿದಳು. ಶ್ರೀಕೃಷ್ಣನು ಪ್ರತಿಸಂದೇಶ ಕಳುಹಿಸಿ ಸುಮ್ಮನಾಗಲಿಲ್ಲ, ತಾನೇ ರಥವೇರಿ ಬಂದನು. ಗೋಕುಲಕ್ಕೆ ತಾನು ಹೋಗಲಾಗದಿದ್ದಾಗ ಉದ್ಧವನನ್ನು ಕಳುಹಿಸಿದನು. ಉದ್ಧವನು ಹೇಳಿ ಹಿಂದಿರುಗದೆ ಅಲ್ಲಿಯೇ ಕೆಲವು ತಿಂಗಳು ಇದ್ದು ನಂದಯಶೋದೆಯರ, ಗೋಪಿಯರ ಮಾತನ್ನು ಕೇಳಿದನು. ದೂರದಲ್ಲಿರುವವರಿಗೆ ಸಂದೇಶ ಬೇಕು. ಶಾಸ್ತ್ರವು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಸಂದೇಶವು ಸಮಾಗಮಕ್ಕೆ ದಾರಿಯಾಗಬೇಕೇ ಹೊರತು ಅದರ ಸ್ಥಾನವನ್ನು ಆಕ್ರಮಿಸಬಾರದು.

ವಾದವೂ ವಿತಂಡವೂ

ಇನ್ನು ವಿವಾದದ ಮಾತು. ಶ್ರೀಮದಾಚಾರ್ಯರು ಕಥಾಲಕ್ಷಣವೆಂಬ ಪ್ರಕರಣಗ್ರಂಥದಲ್ಲಿ ವಾದ, ಜಲ್ಪ, ವಿತಂಡವೆಂದು ಚರ್ಚೆಯನ್ನು ಮೂರು ವಿಧವಾಗಿ ನಿರೂಪಿಸಿದ್ದಾರೆ. ತತ್ತ್ವವನ್ನು ತಿಳಿಯಬೇಕೆಂಬ ಸಜ್ಜನರ ನಡುವೆ ನಡೆಯುವುದು ವಾದ. ಕೀರ್ತಿಗಾಗಿ, ಸ್ಪರ್ಧೆಗಾಗಿ ನಡೆಯುವುದು ಜಲ್ಪ. ತನ್ನ ಪಕ್ಷವನ್ನು ಮರೆಮಾಡಿ ಎದುರಾಳಿಯನ್ನು ಖಂಡಿಸುವುದು ವಿತಂಡ. ಚರ್ಚೆಗೆ ಸಭೆ ಬೇಕು, ರಾಗದ್ವೇಷರಹಿತರಾದ ವಿದ್ವಾಂಸರು ಪ್ರಾಶ್ನಿಕರಾಗಿ ಕುಳಿತಿರಬೇಕು ಎಂಬುದೂ ಅಲ್ಲಿ ವಿಹಿತವಾಗಿದೆ. ಈಗಿನ ಸಾಮಾಜಿಕ ಜಾಲತಾಣಗಳಲ್ಲಿ ನಡೆಯುವುದು ಯಾವುದು? ಅಲ್ಲಿ ಪ್ರಾಶ್ನಿಕರಿಲ್ಲ, ಸಭಾಮರ್ಯಾದೆಯಿಲ್ಲ, ಮಾತನಾಡುವವನ ನಿಜವಾದ ಹೆಸರೂ ಎಷ್ಟೋ ವೇಳೆ ಇರುವುದಿಲ್ಲ. ನಮ್ಮ ಸಮಾಜದವರೇ ಏಕಾದಶೀನಿರ್ಣಯ, ಮಠಗಳ ವಿಚಾರ ಮೊದಲಾದ ವಿಷಯಗಳಲ್ಲಿ ಪರಸ್ಪರ ಬರೆದುಕೊಳ್ಳುವ ಮಾತುಗಳನ್ನು ಎದುರೆದುರು ನಿಂತು ಆಡಲು ಸಾಧ್ಯವೇ? ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತು ತೀರ್ಥಪ್ರಸಾದ ಸ್ವೀಕರಿಸುವಾಗ ನಗುನಗುತ್ತ ಮಾತನಾಡಿಸುವವರೇ, ಮನೆಗೆ ಹೋಗಿ ಮೊಬೈಲು ತೆರೆದೊಡನೆ ಒಬ್ಬರನ್ನೊಬ್ಬರು ಹೀಯಾಳಿಸುವುದನ್ನು ನಾವು ಕಂಡಿದ್ದೇವೆ.

ಇದಕ್ಕೆ ಎದುರಾಗಿ ಒಂದು ಚರಿತ್ರೆಯನ್ನು ಇಟ್ಟು ನೋಡಿರಿ. ಈಗ ಕಾಸರಗೋಡು ಜಿಲ್ಲೆಯಲ್ಲಿರುವ ಕುಂಬಳೆಯ ಸೀಮೆಯಲ್ಲಿ, ಜಯಸಿಂಹರಾಜನ ಕಾಲದಲ್ಲಿ, ಶ್ರೀಮದಾಚಾರ್ಯರಿಗೂ ತ್ರಿವಿಕ್ರಮ ಪಂಡಿತರಿಗೂ ವಾದ ನಡೆಯಿತು. ಅದು ಹದಿನೈದು ದಿನ ನಡೆಯಿತೆಂದು ಸಂಪ್ರದಾಯ. ತ್ರಿವಿಕ್ರಮ ಪಂಡಿತರು ಸಾಮಾನ್ಯರಲ್ಲ, ದೊಡ್ಡ ವಿದ್ವಾಂಸರು. ದಿನದಿನವೂ ಎದುರು ಕುಳಿತು ಕೇಳಿ, ಆಕ್ಷೇಪಿಸಿ, ಉತ್ತರ ಪಡೆದು, ಕೊನೆಗೆ ಅವರು ಆಚಾರ್ಯರ ಶಿಷ್ಯರಾದರು, ತತ್ತ್ವಪ್ರದೀಪವನ್ನು ರಚಿಸಿದರು. ಅವರ ಮಕ್ಕಳಾದ ನಾರಾಯಣ ಪಂಡಿತಾಚಾರ್ಯರಿಂದ ನಮಗೆ ಸುಮಧ್ವವಿಜಯವು ದೊರೆಯಿತು. ಹದಿನೈದು ದಿನ ಪರಸ್ಪರ ಮುಖ ನೋಡಿ ಆಡಿದ ಮಾತಿನ ಫಲ ಇಷ್ಟು ದೊಡ್ಡದು. ಮುಖ ನೋಡದೆ ಹದಿನೈದು ವರ್ಷ ಬರೆದಾಡಿದರೂ ಒಬ್ಬನ ಮನಸ್ಸು ಇನ್ನೊಬ್ಬನ ಕಡೆಗೆ ಒಂದು ಅಂಗುಲ ತಿರುಗಿದ ಉದಾಹರಣೆ ನಮಗೆ ಸಿಕ್ಕಿಲ್ಲ.

ಇಲ್ಲಿ ಇದ್ದೇನೆ ಎಂಬ ಸಂಕಲ್ಪ

ನಾವು ಯಾವ ಕರ್ಮವನ್ನು ಮಾಡುವಾಗಲೂ ಮೊದಲು ಸಂಕಲ್ಪ ಮಾಡುತ್ತೇವೆ. ಸಂಕಲ್ಪದಲ್ಲಿ ದೇಶಕಾಲಗಳನ್ನು ಉಚ್ಚರಿಸುತ್ತೇವೆ: ಯಾವ ದ್ವೀಪ, ಯಾವ ವರ್ಷ, ಯಾವ ನದಿಯ ಯಾವ ತೀರ, ಯಾವ ಸಂವತ್ಸರ, ಯಾವ ಮಾಸ, ಯಾವ ತಿಥಿ. ಇದೇಕೆ? ಭಗವಂತನಿಗೆ ನಾವಿರುವ ಸ್ಥಳ ತಿಳಿಯದೆ? ಹಾಗಲ್ಲ. ನಾವು ಎಲ್ಲಿದ್ದೇವೆಂಬುದು ನಮಗೇ ತಿಳಿಯಲೆಂದು. ಕಾವೇರೀಕಪಿಲೆಯರ ಸಂಗಮದಲ್ಲಿ, ಈ ತಿಥಿಯಲ್ಲಿ, ಇಂಥ ಗೋತ್ರದ ಇಂಥವನಾದ ನಾನು ಇಲ್ಲಿ ಇದ್ದೇನೆ ಎಂದು ಮನಸ್ಸನ್ನು ದೇಹವಿರುವೆಡೆಗೆ ಕರೆತರುವುದೇ ಸಂಕಲ್ಪ. ಮೊಬೈಲು ಮಾಡುವ ಕೆಲಸ ಇದಕ್ಕೆ ತೀರ ವಿರುದ್ಧವಾದುದು. ದೇಹ ಒಂದೆಡೆ ಕುಳಿತಿರುವಾಗ ಮನಸ್ಸನ್ನು ಇನ್ನೊಂದೆಡೆಗೆ ಎಳೆದೊಯ್ಯುತ್ತದೆ.

ನಂಜನಗೂಡಿನ ದೊಡ್ಡಜಾತ್ರೆಯಲ್ಲಿ ಐದು ರಥಗಳು ಹೊರಡುತ್ತವೆ. ಹಗ್ಗಕ್ಕೆ ಕೈಹಚ್ಚುವುದೇ ಪುಣ್ಯವೆಂದು ಹಿಂದೆ ಜನ ಮುನ್ನುಗ್ಗುತ್ತಿದ್ದರು. ಈಗಲೂ ಜನಸಾಗರ ಸೇರುತ್ತದೆ. ಆದರೆ ರಥ ಕದಲಿದೊಡನೆ ಮೇಲೇಳುವ ಕೈಗಳಲ್ಲಿ ಬಹುಪಾಲು ಮುಗಿದ ಕೈಗಳಲ್ಲ, ಮೊಬೈಲು ಹಿಡಿದ ಕೈಗಳು. ೨೦೨೫ರ ಫೆಬ್ರವರಿ ೧೦ರಿಂದ ೧೨ರವರೆಗೆ ತಿರುಮಕೂಡಲಿನಲ್ಲಿ ನಡೆದ ಕುಂಭಮೇಳದಲ್ಲಿಯೂ ಅದೇ ದೃಶ್ಯ. ಮುಳುಗುವ ಮೊದಲು ಒಂದು ಚಿತ್ರ, ಮುಳುಗಿ ಎದ್ದ ಮೇಲೆ ಒಂದು ಚಿತ್ರ. ಅಘಮರ್ಷಣಕ್ಕೆ ಎಷ್ಟು ಸಮಯ ಉಳಿಯಿತೋ ಭಗವಂತನೇ ಬಲ್ಲ.

ಯಂತ್ರಕ್ಕೆ ಇಷ್ಟು ಬಲ ಹೇಗೆ ಬಂದಿತೆಂಬುದನ್ನೂ ತಿಳಿದಿರಬೇಕು. ೨೦೦೬ರಲ್ಲಿ ಅಮೆರಿಕದ ತಂತ್ರಜ್ಞನೊಬ್ಬನು ಕೊನೆಯೇ ಇಲ್ಲದ ಪುಟವನ್ನು ರೂಪಿಸಿದನು. ಬೆರಳಿನಿಂದ ಸರಿಸಿದಷ್ಟೂ ಹೊಸದು ಬರುತ್ತಲೇ ಇರುತ್ತದೆ. ಪುಸ್ತಕಕ್ಕೆ ಅಧ್ಯಾಯದ ಕೊನೆಯುಂಟು, ಪುರಾಣಕ್ಕೆ ಮಂಗಳವುಂಟು, ಇದಕ್ಕೆ ಮಂಗಳವಿಲ್ಲ. ಆತನೇ ಮುಂದೆ ಅದಕ್ಕಾಗಿ ಪಶ್ಚಾತ್ತಾಪಪಟ್ಟು ಬಹಿರಂಗವಾಗಿ ಹೇಳಿಕೊಂಡನು. ಮುಂದಿನ ಸಲ ಏನು ಬರುವುದೋ ಎಂಬ ಅನಿಶ್ಚಿತವಾದ ಆಸೆಯೇ ಇದರ ಗುಟ್ಟು. ದ್ಯೂತದ ಗುಟ್ಟೂ ಅದೇ. ಧರ್ಮರಾಜನಂಥ ಧರ್ಮಾತ್ಮನೂ ದಾಳದ ಹಲಗೆಯ ಮುಂದಿನಿಂದ ಏಳಲಾರದೆ ಹೋದನು. ಹಾಗಿರುವಾಗ ಹದಿನಾಲ್ಕು ವರ್ಷದ ಮಗುವನ್ನು ಮಾತ್ರ ಬೈದು ಫಲವೇನು? ೨೦೧೬ರ ಸೆಪ್ಟೆಂಬರಿನಿಂದ ನಮ್ಮ ದೇಶದಲ್ಲಿ ಇಂಟರ್‌ನೆಟ್ಟು ಬಹಳ ಅಗ್ಗವಾದ ಮೇಲೆ ಹಳ್ಳಿಯ ಜಗಲಿಗಳಿಗೂ ಇದು ಬಂದಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ೨೦೧೪ರಲ್ಲಿಯೇ ಇಂಥ ವ್ಯಸನಕ್ಕೆ ಸಿಲುಕಿದವರಿಗಾಗಿ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಬೇಕಾಯಿತೆಂದರೆ ವಿಷಯದ ಗಾಂಭೀರ್ಯ ಮನವರಿಕೆಯಾಗುವುದು.

ಉಪಕಾರವನ್ನು ಮರೆಯಬಾರದು

ಹಾಗಾದರೆ ಮೊಬೈಲು ಸರ್ವಥಾ ತ್ಯಾಜ್ಯವೇ? ಹಾಗೆ ಹೇಳಿದರೆ ಕೃತಘ್ನತೆಯಾದೀತು. ೨೦೨೦ರ ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಕಾರ್ಖಾನೆಯೊಂದರ ನೌಕರರಲ್ಲಿ ಕೊರೋನಾ ರೋಗವು ಕಾಣಿಸಿಕೊಂಡಾಗ ನಮ್ಮ ಊರು ಎಷ್ಟು ತಲ್ಲಣಿಸಿತೆಂಬುದು ಎಲ್ಲರಿಗೂ ನೆನಪಿದೆ. ಆ ವರ್ಷ ದೊಡ್ಡಜಾತ್ರೆಯೇ ನಡೆಯಲಿಲ್ಲ. ದೇವಾಲಯಗಳ ಬಾಗಿಲು ಮುಚ್ಚಿದವು. ಪಕ್ಕದ ಮನೆಯವರ ಮುಖವನ್ನು ನೋಡುವುದೂ ಭಯವಾಯಿತು. ಆ ದಿನಗಳಲ್ಲಿ ವೃದ್ಧರಿಗೆ ಮಕ್ಕಳ ಧ್ವನಿಯನ್ನು ಮುಟ್ಟಿಸಿದ್ದು, ಪ್ರವಚನಗಳನ್ನು ಮನೆಮನೆಗೆ ತಂದದ್ದು ಈ ಯಂತ್ರವೇ. ೨೦೨೧ರಲ್ಲಿ ಶ್ರೀ ಗುರುರಾಜರ ೩೫೦ನೆಯ ಆರಾಧನೆಯನ್ನು ಎಷ್ಟೋ ಭಕ್ತರು ಮನೆಯಲ್ಲಿಯೇ ಕುಳಿತು ಪರದೆಯ ಮೇಲೆ ಕಂಡು ಕಣ್ಣೀರಿಟ್ಟರು. ಹೊರದೇಶಗಳಲ್ಲಿರುವ ನಮ್ಮ ಮಕ್ಕಳು ಪಂಚಾಂಗ, ಏಕಾದಶಿ, ಸ್ತೋತ್ರಪಾಠಗಳನ್ನು ಇದರಿಂದಲೇ ತಿಳಿಯುತ್ತಾರೆ. ಇದೆಲ್ಲ ಉದ್ಧವನ ದೌತ್ಯದಂತೆ. ದೂರವಿದ್ದವರನ್ನು ಹತ್ತಿರ ತಂದದ್ದು. ದೋಷವಿರುವುದು ಇನ್ನೊಂದೆಡೆ: ಹತ್ತಿರವಿದ್ದವರನ್ನು ದೂರ ಮಾಡಿದ್ದರಲ್ಲಿ.

ಪ್ರತಿಮೆಯಲ್ಲಿ ಭಗವಂತನನ್ನು ಪೂಜಿಸುವ ನಾವು ಗುರುವಾರದ ಬೆಳಗ್ಗೆ ರಾಯರ ಚಿತ್ರವನ್ನು ಮೊಬೈಲಿನಲ್ಲಿ ಕಳುಹಿಸಿದರೆ ತಪ್ಪೇನೆಂದು ಒಬ್ಬ ತರುಣರು ಕೇಳಿದರು. ತಪ್ಪಿಲ್ಲ. ಆದರೆ ಪ್ರತಿಮೆಯು ನಮ್ಮಿಂದ ಸ್ನಾನವನ್ನು, ಮಡಿಯನ್ನು, ಆಸನವನ್ನು, ಏಕಾಗ್ರತೆಯನ್ನು ಬೇಡುತ್ತದೆ. ನಮ್ಮನ್ನು ಎಬ್ಬಿಸಿ ತನ್ನೆಡೆಗೆ ಕರೆದುಕೊಳ್ಳುತ್ತದೆ. ಹಾಸಿಗೆಯಲ್ಲಿ ಮಲಗಿ ಬೆರಳಿನಿಂದ ತಳ್ಳಿದ ಚಿತ್ರವು ಯಾವುದನ್ನೂ ಬೇಡುವುದಿಲ್ಲ. ನಲವತ್ತು ಜನರಿಗೆ ರಾಯರ ಚಿತ್ರ ಕಳುಹಿಸಿದವರು, ಮಂಡಿನೋವಿನಿಂದ ಒಬ್ಬರೇ ಮಠಕ್ಕೆ ಹೋಗಲಾರದ ತಮ್ಮ ತಾಯಿಯನ್ನು ಕೈಹಿಡಿದು ಕರೆತಂದರೆ ಗುರುರಾಜರು ಎಷ್ಟೋ ಹೆಚ್ಚು ಸಂತುಷ್ಟರಾಗುವರು.

ನಮ್ಮ ಮನೆಯ ಒಂದು ಪ್ರಸಂಗ

ಇಲ್ಲಿಯವರೆಗೆ ಹೇಳಿದ್ದೆಲ್ಲ ಪರೋಪದೇಶವೆಂದು ಯಾರೂ ತಿಳಿಯಬಾರದು. ಪಾಠಶಾಲೆಯಲ್ಲಿ ಶ್ರವಣ, ಮನನ, ನಿದಿಧ್ಯಾಸನಗಳ ಕ್ರಮವನ್ನು ಕಲಿತು, ನವವಿಧಭಕ್ತಿಯಲ್ಲಿ ಶ್ರವಣವೇ ಮೊದಲನೆಯದೆಂದು ಹತ್ತು ಕಡೆ ಹೇಳಿದ ನಾವೇ ಶ್ರವಣದಲ್ಲಿ ತಪ್ಪಿದವರು. ಈ ಮಾತನ್ನು ಹೇಳದೆ ಪ್ರವಚನವನ್ನು ಮುಗಿಸಿದರೆ ಸತ್ಯವಾಗದು.

ನಮ್ಮ ತೀರ್ಥರೂಪರು ದೇವರ ಪೂಜೆಯಲ್ಲಿಯೇ ಆಯುಸ್ಸನ್ನು ಕಳೆದವರು. ದ್ವಾದಶಿಯ ದಿನ ಬೆಳಗ್ಗೆ ಪಾರಣೆಯಾದ ಮೇಲೆ ಜಗಲಿಯಲ್ಲಿ ಕುಳಿತು ಹಿಂದಿನ ಕಾಲದ ಸಂಗತಿಗಳನ್ನು ಹೇಳುವುದು ಅವರ ಪದ್ಧತಿ. ಅವರ ಕೊನೆಯ ವರ್ಷದ ಒಂದು ದ್ವಾದಶಿ. ತಮಗೊಬ್ಬ ಅಣ್ಣನಿದ್ದನೆಂದೂ, ಉಪನಯನವಾಗಿ ಪಾಠಶಾಲೆಯಲ್ಲಿ ಓದುತ್ತಿದ್ದು ಇಪ್ಪತ್ತು ತುಂಬುವ ಮೊದಲೇ ತೀರಿಕೊಂಡನೆಂದೂ ಹೇಳತೊಡಗಿದರು. ನಮ್ಮ ಕೈಯಲ್ಲಿ ಮೊಬೈಲು ಇತ್ತು. ಯಾವುದೋ ಗುಂಪಿನಲ್ಲಿ ಯಾರೋ ಕಳುಹಿಸಿದ ಹಾಸ್ಯವನ್ನು ನೋಡುತ್ತ ನಾವು ಹೂಂ, ಹೂಂ ಎನ್ನುತ್ತಿದ್ದೆವು. ಸ್ವಲ್ಪ ಹೊತ್ತಿನಲ್ಲಿ ಅವರು ಮಾತು ನಿಲ್ಲಿಸಿದರು. ನಿಲ್ಲಿಸಿದ್ದು ನಮಗೆ ಒಡನೆ ತಿಳಿಯಲೂ ಇಲ್ಲ. ತಲೆಯೆತ್ತಿ ನೋಡಿದಾಗ, "ನಿನಗೆ ಏನೋ ಕೆಲಸವಿದೆ, ಇನ್ನೊಂದು ದಿನ ಹೇಳುತ್ತೇನೆ" ಎಂದರು. ಅವರ ಮುಖದಲ್ಲಿ ಕೋಪವಿರಲಿಲ್ಲ. ನಮಗೆ ಕೆಲಸವೂ ಇರಲಿಲ್ಲ. ಆ ಇನ್ನೊಂದು ದಿನ ಬರಲಿಲ್ಲ. ಮುಂದಿನ ತಿಂಗಳ ಏಕಾದಶಿಯ ಹೊತ್ತಿಗೆ ಅವರು ಇರಲಿಲ್ಲ.

ಅವರ ಅಬ್ದಿಕ ಮುಗಿದು ಬಂದ ಮೊದಲನೆಯ ಪಕ್ಷಮಾಸದಲ್ಲಿ ನಾವು ತಿರುಮಕೂಡಲಿನ ಸಂಗಮಕ್ಕೆ ಹೋಗಿ ತರ್ಪಣಕ್ಕೆ ಕುಳಿತೆವು. ತಂದೆಯ ಕಡೆಯ ಮೂರು ತಲೆ, ತಾಯಿಯ ಕಡೆಯ ಮೂರು ತಲೆ ಹೇಳಿಯಾಯಿತು. ಪಿತೃವ್ಯನ ಹೆಸರು ಎಂದು ಪುರೋಹಿತರು ಕೇಳಿದರು. ಎಳ್ಳು ನೀರು ಕೈಯಲ್ಲಿತ್ತು. ಹೆಸರು ಬಾಯಿಗೆ ಬರಲಿಲ್ಲ. ತಿಳಿದಿದ್ದರಲ್ಲವೇ ಬರುವುದು! ಪ್ರತಿವರ್ಷ ತೀರ್ಥರೂಪರು ಆ ಹೆಸರನ್ನು ಉಚ್ಚರಿಸಿ ತರ್ಪಣ ಕೊಡುತ್ತಿದ್ದರು. ನಾವು ದರ್ಭೆ, ಎಳ್ಳುಗಳನ್ನು ಮುಂದಿಟ್ಟು ಆಚೆ ಹೋಗಿ ಮೊಬೈಲು ನೋಡುತ್ತಿದ್ದೆವು. ಅವರು ಸ್ವತಃ ವೈದಿಕರಾದುದರಿಂದ ಬೇರೊಬ್ಬರು ಹೇಳಿಕೊಡಬೇಕಾದ ಅಗತ್ಯವೂ, ಬರೆದಿಡಬೇಕಾದ ಅಗತ್ಯವೂ ಅವರಿಗೆ ಕಂಡಿರಲಿಲ್ಲ. ಮನೆಗೆ ಬಂದು ತಾಯಿಯವರನ್ನು ಕೇಳಿದೆವು. ತಾವು ಆ ಮನೆಗೆ ಸೊಸೆಯಾಗಿ ಬರುವ ಮೊದಲೇ ಅವರು ತೀರಿಕೊಂಡಿದ್ದರೆಂದೂ, ಮನೆಯಲ್ಲಿ ಎಲ್ಲರೂ ಪುಟ್ಟು ಎನ್ನುತ್ತಿದ್ದರೆಂದು ಕೇಳಿದ್ದಷ್ಟೇ ನೆನಪೆಂದೂ ಹೇಳಿದರು. ಹಳೆಯ ಪಂಚಾಂಗಗಳ ಅಂಚುಗಳನ್ನೂ, ಪೂಜೆಯ ಪೆಟ್ಟಿಗೆಯ ಕಾಗದಗಳನ್ನೂ ಹುಡುಕಿದೆವು. ಸಿಗಲಿಲ್ಲ. ಅವರನ್ನು ಬಲ್ಲ ಬೇರೆ ಯಾರೂ ಈಗ ಉಳಿದಿಲ್ಲ.

ಹೆಸರರಿಯದವರಿಗೂ ಎಳ್ಳುನೀರು ಬಿಡುವ ಕ್ರಮವನ್ನು ಶಾಸ್ತ್ರವು ಕರುಣೆಯಿಂದ ವಿಧಿಸಿದೆ. ಜನಾರ್ದನನ ಅಂತರ್ಗತರಾಗಿ ಅವರಿಗೆ ಅದು ಮುಟ್ಟುವುದೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಸಂದೇಹವಿರುವುದು ನಮ್ಮ ವಿಷಯದಲ್ಲಿ. ನಮ್ಮ ಮೊಬೈಲಿನಲ್ಲಿ ಸಾವಿರಾರು ಚಿತ್ರಗಳಿವೆ; ಅಂದಿನ ಆ ಹಾಸ್ಯವೂ ಎಲ್ಲಿಯೋ ಇರಬಹುದು. ಒಂದು ಹೆಸರು ಮಾತ್ರ ಇಲ್ಲ. ಅದು ಒಂದೇ ಒಂದು ಬಾಯಿಯಲ್ಲಿ ಉಳಿದಿತ್ತು, ಒಂದೇ ಒಂದು ಕಿವಿಗೆ ಬರುವುದರಲ್ಲಿತ್ತು; ಆ ಕಿವಿಯು ಬೇರೆಡೆಯಲ್ಲಿತ್ತು.

ಪರೀಕ್ಷಿತರಾಜನಿಗೆ ಏಳು ದಿನಗಳ ಅವಧಿಯೆಂದು ಗೊತ್ತಿತ್ತು. ಆದುದರಿಂದ ಅವನು ಗಂಗಾತೀರದಲ್ಲಿ ಶುಕಾಚಾರ್ಯರ ಮುಂದೆ ಕುಳಿತು ಒಂದು ಕ್ಷಣವನ್ನೂ ಕಳೆಯದೆ ಕೇಳಿದನು. ನಮಗೂ ನಮ್ಮ ಹಿರಿಯರಿಗೂ ಉಳಿದಿರುವ ಅವಧಿ ಎಷ್ಟೆಂದು ನಮಗೆ ತಿಳಿಯದು. ತಿಳಿಯದೆಂಬ ಕಾರಣದಿಂದಲೇ ನಾವು ಪರೀಕ್ಷಿತನಿಗಿಂತ ಹೆಚ್ಚು ಎಚ್ಚರವಾಗಿರಬೇಕಲ್ಲವೇ?

ಆಚರಣೆಗೆ ಕೆಲವು ನಿಯಮಗಳು

ನಮ್ಮ ನೆರೆಯ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಿದೆ. ೨೦೨೨ರಲ್ಲಿ ಅಲ್ಲಿಯವರು ಒಂದು ಕಟ್ಟುಪಾಡು ಮಾಡಿಕೊಂಡರು. ಸಂಜೆ ಏಳು ಗಂಟೆಗೆ ಊರ ದೇವಸ್ಥಾನದಿಂದ ಸೈರನ್ ಮೊಳಗುತ್ತದೆ. ಎಲ್ಲ ಮನೆಗಳಲ್ಲಿ ಮೊಬೈಲೂ ದೂರದರ್ಶನವೂ ಒಂದೂವರೆ ಗಂಟೆ ಬಂದ್. ಮಕ್ಕಳು ಓದುತ್ತಾರೆ, ದೊಡ್ಡವರು ಮಾತನಾಡುತ್ತಾರೆ. ೨೦೨೪ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಹಲಗಾ ಗ್ರಾಮದವರೂ ಸಂಜೆ ಎರಡು ಗಂ‌ಟೆ ಇಂಥದೇ ನಿಯಮವನ್ನು ತಂದರು. ರೈತಾಪಿ ಜನರು ಮಾಡಿ ತೋರಿಸಿದ್ದನ್ನು ವ್ರತನಿಯಮಗಳಲ್ಲಿ ಪಳಗಿದ ಮಾಧ್ವ ಕುಟುಂಬಗಳು ಮಾಡಲಾರವೇ? ಚಾತುರ್ಮಾಸ್ಯದಲ್ಲಿ ನಾವು ಒಂದು ತಿಂಗಳು ತರಕಾರಿಯನ್ನು, ಒಂದು ತಿಂಗಳು ಮೊಸರನ್ನು ಬಿಟ್ಟೆವು; ಈಗ ಕ್ಷೀರವ್ರತ ನಡೆದಿದೆ, ಮುಂದೆ ದ್ವಿದಳವನ್ನು ಬಿಡುತ್ತೇವೆ. ಹಾಲು ಕೆಟ್ಟದ್ದೆಂದು ಯಾರೂ ಬಿಡುವುದಿಲ್ಲ. ಹಾಲಿಗೆ ನಾವು ಅಧೀನರಲ್ಲವೆಂದು ತೋರುವುದಕ್ಕಾಗಿ, ಬಿಟ್ಟದ್ದನ್ನು ಭಗವಂತನಿಗೆ ಅರ್ಪಿಸುವುದಕ್ಕಾಗಿ ಬಿಡುತ್ತೇವೆ. ಇದೂ ಹಾಗೆಯೇ.

ಮೊದಲನೆಯದಾಗಿ, ಸಂಜೆ ದೇವರ ದೀಪ ಹಚ್ಚಿದ ಮೇಲೆ ಒಂದು ಗಂಟೆ ಕಾಲ ಮನೆಯ ಎಲ್ಲ ಮೊಬೈಲುಗಳನ್ನೂ ಒಂದು ಮಣೆಯ ಮೇಲೆ ಕೂಡಿಡುವುದು. ಯಜಮಾನನ ಮೊಬೈಲು ಮೊದಲು ಮಣೆಯನ್ನು ಸೇರಬೇಕು. ಮಕ್ಕಳದು ತಾನಾಗಿ ಹಿಂಬಾಲಿಸುತ್ತದೆ. ದೇವಸ್ಥಾನದ ಮಂಗಳಾರತಿಯ ಗಂಟೆಯೇ ನಮಗೆ ಸೈರನ್.

ಎರಡನೆಯದಾಗಿ, ಭೋಜನಕಾಲದಲ್ಲಿಯೂ ಪಂಕ್ತಿಯಲ್ಲಿಯೂ ಮೊಬೈಲನ್ನು ಮುಟ್ಟದಿರುವುದು. ಬಡಿಸುವವರ ಮುಖವನ್ನು ನೋಡದೆ ಉಂಡದ್ದು ಊಟವಷ್ಟೇ, ಪ್ರಸಾದಸ್ವೀಕಾರವಲ್ಲ.

ಮೂರನೆಯದಾಗಿ, ಸತ್ಯವೆಂದು ತಿಳಿಯದ, ಎದುರು ನಿಂತು ಹೇಳಲಾರದ ಮಾತನ್ನು ಯಾರಿಗೂ ಕಳುಹಿಸದಿರುವುದು.

ನಾಲ್ಕನೆಯದಾಗಿ, ಗುರುವಾರಕ್ಕೊಮ್ಮೆಯಾದರೂ ಊರಿನಲ್ಲಿ ಒಂಟಿಯಾಗಿರುವ ಒಬ್ಬ ವೃದ್ಧರ ಮನೆಗೆ ಹೋಗಿ ಅರ್ಧ ಗಂಟೆ ಕುಳಿತು ಬರುವುದು. ಮಕ್ಕಳು ಬೆಂಗಳೂರಿನಲ್ಲಿಯೋ ಅಮೆರಿಕದಲ್ಲಿಯೋ ಇದ್ದು, ದಿನಕ್ಕೆ ಹತ್ತು ನಿಮಿಷ ಪರದೆಯ ಮೇಲೆ ಮಾತ್ರ ಕಾಣುವ ತಂದೆತಾಯಿಗಳು ನಂಜನಗೂಡಿನಲ್ಲಿಯೂ ತಿ. ನರಸೀಪುರದಲ್ಲಿಯೂ ಬೀದಿಬೀದಿಗೂ ಇದ್ದಾರೆ.

ಐದನೆಯದು ಈ ಪಕ್ಷಮಾಸಕ್ಕೆ ವಿಶೇಷವಾದುದು. ಮನೆಯ ಹಿರಿಯರ ಮುಂದೆ ಕುಳಿತು ಗೋತ್ರ, ಪ್ರವರ, ಎರಡೂ ಕಡೆಯ ಪಿತೃಗಳ ಹೆಸರು, ಸಂತಾನವಿಲ್ಲದೆ ಹೋದವರ ಹೆಸರು, ಅವರ ತಿಥಿಗಳು ಇವುಗಳನ್ನು ಕೇಳಿ ಒಂದು ಪುಸ್ತಕದಲ್ಲಿ ಬರೆದಿಡುವುದು. ಕೇಳಿ ಬರೆದಾದ ಮೇಲೆ ಬೇಕಾದರೆ ಅವರ ಧ್ವನಿಯನ್ನು ಮೊಬೈಲಿನಲ್ಲಿಯೂ ಹಿಡಿದಿಡಿರಿ. ಆಗ ಆ ಯಂತ್ರವೂ ಸಾರ್ಥಕವಾಗುವುದು. ಆದರೆ ಮೊದಲು ಕಿವಿ, ಅನಂತರ ಯಂತ್ರ.

ತಿರುಮಕೂಡಲಿನ ಗುಂಜಾನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿಯಿದೆ. ಈ ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚಿನದೆಂದು ಹಿರಿಯರು ಅದಕ್ಕೆ ಅರ್ಥ ಹೇಳುತ್ತಾರೆ. ಸಂದೇಶಕ್ಕಿಂತ ಸಾನ್ನಿಧ್ಯವು ಎಷ್ಟು ಹೆಚ್ಚಿನದೆಂದು ಯಾರಾದರೂ ಕೇಳಿದರೆ ನಾವೂ ಒಂದು ಗುಲಗಂಜಿಯಷ್ಟು ಎಂದೇ ಹೇಳುತ್ತೇವೆ. ನೋಡಲು ಅಷ್ಟೇ ಸಣ್ಣದು: ತಲೆಯೆತ್ತಿ ಒಂದು ಸಲ ಎದುರಿಗಿರುವವರ ಮುಖವನ್ನು ನೋಡುವಷ್ಟು. ಅಷ್ಟರಲ್ಲಿಯೇ ಎಲ್ಲವೂ ಇದೆ.

ನಮ್ಮ ನಮ್ಮ ಮನೆಗಳಲ್ಲಿ ಮಾತು ತಪಸ್ಸಾಗಲಿ, ಶ್ರವಣವು ಸಿದ್ಧಿಸಲಿ, ಹಿರಿಯರ ಮಾತು ನಡುವಿನಲ್ಲಿ ನಿಲ್ಲದಿರಲಿ ಎಂದು ಶ್ರೀ ಹರಿವಾಯುಗುರುಗಳ ಪಾದಾರವಿಂದಗಳಲ್ಲಿ ಪ್ರಾರ್ಥಿಸಿ, ಈ ಅಲ್ಪಸೇವೆಯನ್ನು ನಮ್ಮ ತೀರ್ಥರೂಪರ ಹಾಗೂ ಹೆಸರು ತಿಳಿಯದ ನಮ್ಮ ದೊಡ್ಡಪ್ಪನವರ ಅಂತರ್ಯಾಮಿಯಾದ ಭಗವಂತನಿಗೆ ಸಮರ್ಪಿಸುತ್ತೇವೆ.

॥ ಶ್ರೀಕೃಷ್ಣಾರ್ಪಣಮಸ್ತು ॥